ನೆಲದಡಿಯ ನೀರಿಗೂ ಒಂದು ಫಲಕ ಬೇಕು

ಮಳೆಗಾಲ ಬಂತೆಂದರೆ ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡದೆ ನನಗೆ ಬೆಳಗಿನ ಕಾಫಿ ರುಚಿಸುವುದಿಲ್ಲ. ಗರಿಷ್ಠ ಮಟ್ಟವಾದ 124.80 ಅಡಿಗೆ ಇನ್ನೆಷ್ಟು ಬಾಕಿ ಎಂಬುದನ್ನು ಬಲ್ಲ ನಾನು, ಬೆಂಗಳೂರಿನ ನಮ್ಮದೇ ವಸತಿ ಸಮುಚ್ಚಯದ ಕೊಳವೆಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಎಂಬುದನ್ನು ಮಾತ್ರ ಅರಿಯೆ. 2024ರ ಮಾರ್ಚ್‌ನಲ್ಲಿ ಅದು ಬತ್ತಿದಾಗಲೂ ಮುನ್ಸೂಚನೆ ಸಿಗಲಿಲ್ಲ. ಒಂದು ಬೆಳಿಗ್ಗೆ ಮೋಟಾರು ಓಡಿತು, ನೀರು ಬರಲಿಲ್ಲ.

ವಿಪರ್ಯಾಸವೆಂದರೆ, ತಾರಸಿಯ ಮೇಲಿನ ನಮ್ಮ ತೊಟ್ಟಿಯಲ್ಲಿ ಸೆನ್ಸರ್ ಇದೆ. ಕೆಲವು ನೂರು ರೂಪಾಯಿಯ ಪುಟ್ಟ ಸಾಧನ. ಮುಚ್ಚಳದ ಕೆಳಗೆ ಕುಳಿತು, ಕಿವಿಗೆ ಕೇಳಿಸದ ಶಬ್ದತರಂಗವನ್ನು ನೀರಿನತ್ತ ಕಳುಹಿಸುತ್ತದೆ. ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಮೀಟರ್ ದೂರಕ್ಕೆ ಹೋಗಿಬರಲು ಶಬ್ದಕ್ಕೆ ಸುಮಾರು 6 ಮಿಲಿಸೆಕೆಂಡ್ ಸಾಕು. ಉತ್ತರ ನಿಸ್ತಂತುವಾಗಿ ಮೊಬೈಲಿಗೆ ಬರುತ್ತದೆ. ಕುಂದುಗಳೂ ಉಂಟು. ಎದುರಿಗೆ ಜೇಡ ಬಲೆ ಕಟ್ಟಿದರೆ ತೊಟ್ಟಿ ತುಂಬಿದೆಯೆಂದು ಸುಳ್ಳು ಹೇಳುತ್ತದೆ. ನಮ್ಮಲ್ಲಿ ಒಮ್ಮೆ ಹಾಗಾಗಿ ಅರ್ಧ ಕಟ್ಟಡ ಸ್ನಾನವಿಲ್ಲದೆ ಕಚೇರಿಗೆ ಹೋಯಿತು. ಆದರೂ ತೊಟ್ಟಿ ತುಂಬಿ ಬೀದಿಗೆ ಹರಿಯುವುದು ನಿಂತಿದೆ.

ಕೊಳವೆಬಾವಿಗೆ ಈ ಸಾಧನ ಒಗ್ಗದು. ಇಕ್ಕಟ್ಟಾದ ಕೊಳವೆಯ ಗೋಡೆ, ಪೈಪು, ಕೇಬಲ್ಲು ಎಲ್ಲವೂ ಪ್ರತಿಧ್ವನಿಸುತ್ತವೆ. ನೂರಾರು ಅಡಿ ಆಳವಂತೂ ಅದರ ಅಳವಿಗೆ ಮೀರಿದ್ದು. ಅಲ್ಲಿಗೆ ಬೇಕಾದುದು ನೀರಿನಲ್ಲಿ ಮುಳುಗಿದ್ದು ಒತ್ತಡವನ್ನು ಅಳೆಯುವ ಸೆನ್ಸರ್. ಪ್ರತಿ 10 ಮೀಟರ್ ನೀರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ ಲೆಕ್ಕ ಸುಲಭ. ಬೆಲೆ ಹೆಚ್ಚು, ನಿಜ. ಆ ಬೇಸಿಗೆಯಲ್ಲಿ ನಾವು ಟ್ಯಾಂಕರುಗಳಿಗೆ ಸುರಿದ ಹಣದ ಮುಂದೆ ಅದೇನೂ ಅಲ್ಲ.

ತೊಡಕು ಬೇರೆಡೆ ಇದೆ. ಇಂತಹ ಸೆನ್ಸರ್ ಅಳವಡಿಸಿ, ನೀರಿನ ಮಟ್ಟವನ್ನು ಗೇಟಿನ ಬಳಿ ಫಲಕದಲ್ಲಿ ಬರೆಯೋಣವೆಂದು ಸಂಘದ ಸಭೆಯಲ್ಲಿ ಸೂಚಿಸಿದೆ. 'ನೀರು ಇಳಿದದ್ದು ಊರಿಗೆಲ್ಲ ಗೊತ್ತಾದರೆ ಫ್ಲ್ಯಾಟಿನ ಬೆಲೆಯೂ ಇಳಿಯುತ್ತದೆ ಸಾರ್' ಎಂದರು ಹಿರಿಯರೊಬ್ಬರು. ಹಲವರು ತಲೆದೂಗಿದರು.

ಹಳೆಯ ಕೆರೆಗಳಲ್ಲಿ ತೂಬಿನ ಕಲ್ಲುಗಂಬ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನೀರು ಎಲ್ಲಿಗೆ ಇಳಿದಿದೆ ಎಂಬುದನ್ನು ನೀರುಗಂಟಿಯಷ್ಟೇ ಅಲ್ಲ, ದನ ಮೇಯಿಸುವ ಹುಡುಗನೂ ಬಲ್ಲವನಾಗಿದ್ದ. ಕೊಳವೆಬಾವಿ ನೀರಿನ ಲೆಕ್ಕವನ್ನು ಖಾಸಗಿ ಗುಟ್ಟಾಗಿಸಿತು. ಅಂತರ್ಜಲಕ್ಕೆ ನಮ್ಮ ಕಾಂಪೌಂಡಿನ ಪರಿವೆಯೇನಿದೆ? ನಾವು ಎತ್ತಿದ್ದು ಪಕ್ಕದ ಬಡಾವಣೆಯ ಬಾವಿಯಲ್ಲೂ ಇಳಿಯುತ್ತದೆ. ಆದ್ದರಿಂದ ಇದನ್ನು ಸಂಘಗಳ ಮರ್ಜಿಗೆ ಬಿಡಲಾಗದು. ಕೊಳವೆಬಾವಿಗೆ ಅನುಮತಿ ನೀಡುವಾಗಲೇ, ದೊಡ್ಡ ಸಮುಚ್ಚಯಗಳೂ ಕಾರ್ಖಾನೆಗಳೂ ಮಟ್ಟವನ್ನು ಅಳೆದು ದಿನವೂ ಬಹಿರಂಗಪಡಿಸಬೇಕೆಂಬ ಷರತ್ತನ್ನು ಸರ್ಕಾರ ವಿಧಿಸಬೇಕು. ಆಗ ಕನ್ನಂಬಾಡಿಯ ಅಂಕಿಯ ಪಕ್ಕದಲ್ಲೇ ನಮ್ಮ ವಾರ್ಡಿನ ಅಂಕಿಯನ್ನೂ ಓದಬಹುದು.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಫಲಕದ ವಿಷಯವನ್ನು ಮತ್ತೆ ಸೇರಿಸಿದ್ದೇನೆ. ಈ ಸಲ ಟ್ಯಾಂಕರಿನ ಬಿಲ್ಲುಗಳನ್ನೂ ಒಯ್ಯುತ್ತೇನೆ.