ಹಳೆಯ ಮೋಟಾರಿಗೆ ಬೀದಿ ಬೇಡವೇ?

ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕಿ, ಹಬ್ಬದ ಮೆರವಣಿಗೆಗೆ ಮಾತ್ರ ಹೊರಗೆ ಬಿಡತಕ್ಕದ್ದೆಂದು ಸರಕಾರ ಕಾನೂನು ಮಾಡಿದರೆ, ಕುದುರೆಯ ಮೇಲೆ ಮಮತೆಯುಳ್ಳ ಯಾರೂ ಅದನ್ನು ರಕ್ಷಣೆ ಎಂದು ಕರೆಯಲಾರರು. ಹಳೆಯ ಮೋಟಾರುಗಳ ವಿಷಯದಲ್ಲಿ ನಾವು ಮಾಡಿರುವುದು ಹೆಚ್ಚುಕಡಿಮೆ ಇದನ್ನೇ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ‘ವಿಂಟೇಜ್’ ಎಂದು ದಾಖಲಿಸಬಹುದು. ಹೊಸದಾಗಿ ದಾಖಲಿಸಲು 20,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ನಂಬರಿನ ನಡುವೆ ‘ವಿಎ’ ಎಂಬ ಎರಡಕ್ಷರ. ಇಷ್ಟಾದ ಮೇಲೆ ಶರತ್ತು ಬರುತ್ತದೆ: ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ್ಯಾಲಿ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ಅದು ರಸ್ತೆಗೆ ಇಳಿಯಬೇಕು, ನಿತ್ಯದ ಬಳಕೆಗೆ ಕೂಡದು.

ಬೆಳಗಾವಿಯ ಒಬ್ಬ ಗೃಹಸ್ಥ ಭಾನುವಾರ ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾನಾಪುರದ ತನಕ ಹೋಗಿ, ಅಲ್ಲಿ ಒಂದು ಕಪ್ಪು ಚಹಾ ಕುಡಿದು ಹಿಂದಿರುಗಿದರೆ ಅದು ಯಾವ ಕಲಮಿನಲ್ಲಿ ಸೇರುತ್ತದೆ? ಪ್ರದರ್ಶನವೋ, ಸಂಶೋಧನೆಯೋ? ನನಗಂತೂ ತಿಳಿಯದು. ಆದರೆ ಎಂ.ಜಿ., ಟ್ರಯಂಫ್, ಆಸ್ಟಿನ್-ಹೀಲಿಯಂಥ ಇಂಗ್ಲಿಷ್ ರೋಡ್‌ಸ್ಟರುಗಳು ಹುಟ್ಟಿದ್ದು ಇಂಥ ಸಣ್ಣ ಪ್ರಯಾಣಕ್ಕಾಗಿಯೇ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ರೋಡ್‌ಸ್ಟರ್ ಎಂದರೆ ಇಬ್ಬರು ಕೂರುವ, ಮಾಡು ಮಡಚುವ, ಸಣ್ಣ ಗಾಡಿ. ಹೆಸರಿನಲ್ಲೇ ರಸ್ತೆ ಇದೆ. 1945ರಿಂದ 1949ರ ತನಕ ಆಬಿಂಗ್ಡನ್ ಊರಿನ ಕಾರಖಾನೆಯಲ್ಲಿ ಸುಮಾರು 10,000 ಎಂ.ಜಿ. ಟಿ.ಸಿ. ಗಾಡಿಗಳು ತಯಾರಾದವು. ತಗಡಿನ ಮೈಯ ಒಳಗೆ ಆಶ್ ಎಂಬ ಮರದ ಚೌಕಟ್ಟು! 1955ರಲ್ಲಿ ಬಂದ ಎಂ.ಜಿ.ಎ.ಯ ತೆರೆದ ಮಾದರಿಗೆ ಬಾಗಿಲಿನ ಹೊರಗಡೆ ಹಿಡಿಕೆಯೇ ಇಲ್ಲ. ಒಳಗೆ ಕೈಹಾಕಿ ದಾರ ಎಳೆಯಬೇಕು. ಮಳೆ ಬಂದರೆ ಮಾಡು ಸೋರುತ್ತದೆ. ಇವುಗಳ ದೀಪಗಳನ್ನು ಒದಗಿಸಿದ ಲೂಕಾಸ್ ಕಂಪನಿಯನ್ನು ಇಂಗ್ಲಿಷರೇ ‘ಕತ್ತಲೆಯ ದೊರೆ’ ಎಂದು ಗೇಲಿ ಮಾಡಿದ್ದಾರೆ. ಇಷ್ಟೆಲ್ಲ ಊನಗಳಿದ್ದೂ ಜನ ಇವಕ್ಕೆ ಮನಸೋಲುವುದೇಕೆ?

ವೇಗಕ್ಕಲ್ಲ, ಇಂದಿನ ಸಾಧಾರಣ ಕಾರೂ ಇವನ್ನು ಹಿಂದೆ ಹಾಕುತ್ತದೆ. ಕಾರಣ ಬೇರೆ. ಗಾಜು ಏರಿಸಿ, ತಂಪುಗಾಳಿಯ ಯಂತ್ರ ಹಚ್ಚಿಕೊಂಡು ಹೋಗುವವನಿಗೆ ಉದ್ಯಮಬಾಗವೂ ಒಂದೇ, ದೇಸೂರೂ ಒಂದೇ. ತೆರೆದ ಗಾಡಿಯಲ್ಲಿ ಕುಳಿತವನಿಗೆ ಎರಕದ ಕಾರಖಾನೆಯ ಬಿಸಿವಾಸನೆ ಎಲ್ಲಿ ಮುಗಿಯಿತು, ಗದ್ದೆಯ ತೇವ ಎಲ್ಲಿ ಶುರುವಾಯಿತು ಎಂಬುದು ಮೂಗಿಗೇ ಗೊತ್ತಾಗುತ್ತದೆ. ಇದು ಮೊದಲನೆಯ ಸುಖ. ಎರಡನೆಯದು ಇನ್ನೂ ದೊಡ್ಡದು: ಇದು ಮನುಷ್ಯನ ಬುದ್ಧಿಗೆ ನಿಲುಕುವ ಯಂತ್ರ. ಬಾನೆಟ್ ಎತ್ತಿದರೆ ಗಾಳಿ ಎಲ್ಲಿಂದ ಬರುತ್ತದೆ, ಪೆಟ್ರೋಲು ಎಲ್ಲಿ ಕೂಡುತ್ತದೆ, ಕಿಡಿ ಎಲ್ಲಿ ಹಾರುತ್ತದೆ ಎಂಬುದನ್ನು ಹೈಸ್ಕೂಲಿನ ಹುಡುಗನಿಗೂ ಬೆರಳಿಟ್ಟು ತೋರಿಸಬಹುದು.

“ಪರದೇಶದ ಗಾಡಿ, ನಮಗೂ ಅದಕ್ಕೂ ಏನು ನಂಟು?” ಎನ್ನುವವರಿಗೆ ಒಂದು ಮಾತು. 1955ರ ಎಂ.ಜಿ.ಎ.ಯಲ್ಲಿದ್ದುದು 1489 ಸಿ.ಸಿ.ಯ ‘ಬಿ’ ಮಾಲಿಕೆಯ ಎಂಜಿನು. ಇದೇ ಮಾಲಿಕೆಯ 1489 ಸಿ.ಸಿ.ಯ ಎಂಜಿನು 1959ರಿಂದ ನಮ್ಮ ಹಿಂದುಸ್ಥಾನ್ ಅಂಬಾಸಿಡರಿನಲ್ಲಿ ಕೂತಿತು. ನಮ್ಮ ತಂದೆತಾಯಿಗಳ ಮದುವೆಯ ದಿಬ್ಬಣ ಹೊರಟದ್ದು, ಮಂತ್ರಿಗಳ ಕೆಂಪು ದೀಪ ಮಿನುಗಿದ್ದು, ಟ್ಯಾಕ್ಸಿಯವನು ಐದು ಜನರ ಜಾಗದಲ್ಲಿ ಒಂಬತ್ತು ಜನರನ್ನು ತುರುಕಿದ್ದು ಎಲ್ಲವೂ ಈ ರೋಡ್‌ಸ್ಟರಿನ ದಾಯಾದಿಯ ಬೆನ್ನ ಮೇಲೆಯೇ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದರೆ ಟ್ರಯಂಫ್ ಹೆರಾಲ್ಡೇ. ಅದರ ಚಾಸಿಯನ್ನು ಗಿಡ್ಡಮಾಡಿಯೇ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ರೋಡ್‌ಸ್ಟರ್ ಹುಟ್ಟಿತು.

ಅಂಬಾಸಿಡರುಗಳ ಸೇವೆಯಲ್ಲೇ ಕೂದಲು ಬೆಳ್ಳಗಾದ ನಮ್ಮ ಊರಿನ ಒಬ್ಬ ಮಿಸ್ತ್ರಿಯ ಮುಂದೆ ಒಮ್ಮೆ ಎಂ.ಜಿ.ಎ.ಯ ಬಾನೆಟ್ ತೆರೆದುದನ್ನು ನಾನು ನೋಡಿದ್ದೇನೆ. ಆತ ಅರೆಕ್ಷಣ ಇಣುಕಿ, “ಇದು ನಮ್ಮ ಅಂಬಾಸಿಡರದ ಅಣ್ಣ ಐತಲ್ರಿ ಸಾಹೇಬ್ರ! ಅದಕ್ಕ ಒಂದ ಮೂಗು, ಇದಕ್ಕ ಎರಡು, ಅಷ್ಟ” ಎಂದು ನಕ್ಕ. ಎರಡು ಮೂಗೆಂದರೆ ಎರಡು ಕಾರ್ಬುರೇಟರು. ಅನಂತರ ಒಂದು ಮೊಳ ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಮ್ಮೆ ಈ ಕಾರ್ಬುರೇಟರಿಗೆ, ಒಮ್ಮೆ ಆ ಕಾರ್ಬುರೇಟರಿಗೆ ಹಿಡಿದು, ಎರಡರ ಉಸಿರೂ ಒಂದೇ ಸಮ ಕೇಳಿಸುವ ತನಕ ಸ್ಕ್ರೂ ತಿರುಗಿಸಿದ. ತಂಬೂರಿ ಶ್ರುತಿ ಮಾಡುವವನಿಗೂ ಆತನಿಗೂ ನಾನು ಭೇದ ಕಾಣಲಿಲ್ಲ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಈ ಕಿವಿಯ ವಿದ್ಯೆಗೆ ಇನ್ನು ಉಳಿದಿರುವ ಪಾಠಶಾಲೆ ಹಳೆಯ ಗಾಡಿಗಳೇ. ಗಾಡಿ ಓಡದಿದ್ದರೆ ಕೆಡುವುದಿಲ್ಲ. ಕೆಡದಿದ್ದರೆ ಮಿಸ್ತ್ರಿಗೆ ಕೆಲಸವಿಲ್ಲ. ಕೆಲಸವಿಲ್ಲದ ವಿದ್ಯೆಯನ್ನು ಯಾವ ಮಗ ಕಲಿಯುತ್ತಾನೆ?

ಆಕ್ಷೇಪಗಳು ನನಗೆ ತಿಳಿಯದೆ ಇಲ್ಲ. ಇದು ಗುಲಾಮಗಿರಿಯ ಪಳೆಯುಳಿಕೆ ಎನ್ನುತ್ತಾರೆ ಕೆಲವು ಮಹನೀಯರು. ಸ್ವಾಮಿ, ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದದ್ದು 1818ರಲ್ಲಿ; ಅವರು ಕಟ್ಟಿದ ಕ್ಯಾಂಪಿನ ನೆರಳುಬೀದಿಗಳಲ್ಲಿ ನಾವು ಸಂಜೆ ಗಾಳಿಸೇವನೆಗೆ ಹೋಗುವುದಿಲ್ಲವೇ? ಜಾಗ್ವಾರ್ ಕಂಪನಿಯ ಯಜಮಾನಿಕೆ 2008ರಿಂದ ಟಾಟಾ ಅವರದು. ಎಂ.ಜಿ. ಎಂಬ ಹೆಸರು ಚೀನದವರ ಕೈಸೇರಿ, ಆ ಹೆಸರಿನ ಹೊಸ ಕಾರುಗಳು 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾಗುತ್ತಿವೆ. ದೊರೆಯೇ ಅಂಗಡಿ ಮಾರಿಕೊಂಡು ಹೋದ ಮೇಲೆ ಅವನ ತಕ್ಕಡಿಗೆ ಹೆದರುವುದೇಕೆ? ಒಳ್ಳೆಯ ಕೈಗೆಲಸಕ್ಕೆ ಜಾತಿಯಿಲ್ಲ, ದೇಶವೂ ಇಲ್ಲ.

ಹೊಗೆಯ ಮಾತು ಇದಕ್ಕಿಂತ ತೂಕದ್ದು. ಹಳೆಯ ಎಂಜಿನು ಕಿಲೋಮೀಟರಿಗೆ ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುವುದು ನಿಜ. ಆದರೆ ಊರಿನಲ್ಲಿ ಬೆರಳೆಣಿಕೆಯಷ್ಟಿರುವ, ವಾರಕ್ಕೊಮ್ಮೆ ಹೊರಬೀಳುವ ಗಾಡಿಗಳನ್ನು ಕಟ್ಟಿಹಾಕುವುದರಿಂದ ಯಾವ ಶ್ವಾಸಕೋಶಕ್ಕೆ ಸುಖವಾದೀತು? ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಆ ರಸ್ತೆಯ ಎರಡೂ ಬದಿಗೆ ಕಮಾನು ಕಟ್ಟಿದ್ದ ಮುದಿ ಮರಗಳು ಹೆದ್ದಾರಿ ಅಗಲವಾಗುವಾಗ ಉರುಳಿಹೋದವು. ಅವು ಸಾವಿರಾರು ಗಾಡಿಗಳ ಅವಸರಕ್ಕೆ ಬಲಿಯಾದವು. ಒಂದು ರೋಡ್‌ಸ್ಟರಿನ ನಿಧಾನಕ್ಕಲ್ಲ.

ಕಾನೂನನ್ನು ಮಾತ್ರ ಬೈದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಮಾಲಕರಲ್ಲಿಯೂ ಒಂದು ಪಂಗಡವಿದೆ. ಅವರಿಗೆ ಗಾಡಿ ಬೇಕಿಲ್ಲ, ಗಾಡಿಯ ಬೆಲೆ ಬೇಕು. ಮಖಮಲ್ಲಿನ ಹೊದಿಕೆ ಹೊದಿಸಿ, ಬೀಗ ಹಾಕಿ, ಬಂದ ಬೀಗರಿಗೆ ಮಾತ್ರ ತೆರೆದು ತೋರಿಸುತ್ತಾರೆ. ಕೃಪಣನು ಹೂತಿಟ್ಟ ನಾಣ್ಯಕ್ಕೂ ಇದಕ್ಕೂ ವ್ಯತ್ಯಾಸವೇನು? ನಿಮಗೂ ನನಗೂ ಇಂಥದೊಂದನ್ನು ಕೊಳ್ಳುವ ಶಕ್ತಿಯಿಲ್ಲ. ನಾನು ಓಡಾಡುವುದು ಸಾರಿಗೆ ಬಸ್ಸಿನಲ್ಲಿ. ಆದರೂ ಗಾಡಿ ಬೀದಿಯಲ್ಲಿ ಓಡಿದರೆ, ಪೀರನವಾಡಿಯ ನಾಕೆಯಲ್ಲಿ ನಿಂತು ನೋಡುವ ಹುಡುಗನೂ ಅದರಲ್ಲಿ ಪಾಲುಗಾರ. ಕೊಟ್ಟಿಗೆಯಲ್ಲಿದ್ದರೆ ಅದು ಒಬ್ಬ ಶ್ರೀಮಂತನ ಸೊತ್ತು ಮಾತ್ರ.

ಇಂಗ್ಲೆಂಡಿನವರನ್ನೇ ನೋಡಿ. 40 ವರ್ಷ ದಾಟಿದ, ಮೂಲರೂಪ ಬದಲಾಗದ ಗಾಡಿಗಳಿಗೆ ಅಲ್ಲಿ ರಸ್ತೆ ತೆರಿಗೆಯ ವಿನಾಯಿತಿ ಇದೆ. 2018ರಿಂದ ವರ್ಷ ವರ್ಷದ ತಪಾಸಣೆಯೂ ಕಡ್ಡಾಯವಲ್ಲ. ಸಂತೆಗೂ ಒಯ್ಯಬಹುದು, ಕಚೇರಿಗೂ ಒಯ್ಯಬಹುದು. ಅಷ್ಟು ಸಡಿಲ ನಮಗೆ ಬೇಡ. ತಪಾಸಣೆ ಇರಲಿ, ಬ್ರೇಕನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಲಿ, ರಾತ್ರಿಯ ಸಂಚಾರ ಬೇಡವೆನ್ನಲಿ, ವರ್ಷಕ್ಕೆ ಇಂತಿಷ್ಟು ಕಿಲೋಮೀಟರೆಂದು ಮಿತಿ ಹಾಕಲಿ. ಆ ಮಿತಿಯೊಳಗೆ ಎಲ್ಲಿಗೆ, ಏತಕ್ಕೆ ಎಂದು ಕೇಳದಿರಲಿ.

ನಮ್ಮ ಊರಿಗೆ ಇನ್ನೂ ಒಂದು ಹೊಣೆಯಿದೆ. ಬೆಳಗಾವಿ ಎರಕದ ಊರು. ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸುವ, ಕೂದಲೆಳೆಯ ಅಳತೆಗೆ ಕೊರೆಯುವ ಕೈಗಳಿವೆ. ಅದೇ ಖಾನಾಪುರ ರಸ್ತೆಯಲ್ಲಿ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವಿದೆ. ಮಚ್ಛೆಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಖಾನಾಪುರದ ಕಾಡುಸೀಮೆಯ ಬಡಿಗನಿಗೆ ಮರದ ಚೌಕಟ್ಟು ಹೂಡುವುದನ್ನು ಯಾರೂ ಕಲಿಸಬೇಕಿಲ್ಲ. ‘ತಾಂತ್ರಿಕ ಸಂಶೋಧನೆ’ಗೆ ಕಾನೂನೇ ಬಾಗಿಲು ತೆರೆದಿಟ್ಟಿದೆಯಲ್ಲ? ಮಾಲಕರು ಹೊದಿಕೆ ತೆಗೆದು ಗಾಡಿಗಳನ್ನು ವಿದ್ಯಾರ್ಥಿಗಳ ಮುಂದಿಡಲಿ. ಮಿಸ್ತ್ರಿಯನ್ನು ಕರೆದು ಗುರುಪೀಠದಲ್ಲಿ ಕೂರಿಸಲಿ. ಸಿಕ್ಕದ ಭಾಗವನ್ನು ವಿಲಾಯತಿಯಿಂದ ತರಿಸುವ ಬದಲು ಇಲ್ಲಿಯೇ ಎರಕ ಹೊಯ್ಯಲಿ. ರಿಪೇರಿಯಾದ ಗಾಡಿ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವ ಉಪಾಯ ಒಂದೇ, ಓಡಿಸಿ ನೋಡುವುದು. ಅದಕ್ಕೆ ಯಾವ ಅಧಿಕಾರಿಯೂ ಅಡ್ಡಿಮಾಡಲಾರ.