ಒಂದೇ ಸಲ ಬರೆಯುವ ಪರೀಕ್ಷೆ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವ ಮಿತ್ರರು ಸಾಮಾನ್ಯವಾಗಿ ‘ವಿದ್ಯಾರ್ಥಿ ಮತ್ತು ಶಿಸ್ತು’, ‘ರಾಷ್ಟ್ರನಿರ್ಮಾಣದಲ್ಲಿ ಯುವಕರ ಪಾತ್ರ’ ಮೊದಲಾದ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಪ್ರಥಮ ವರ್ಷದಲ್ಲಿದ್ದಾಗ ನಾನೂ ಅಂಥದೊಂದನ್ನು ಬರೆದವನೇ. ಈ ಸಲ ಹತ್ತು ವರ್ಷದ ಮಕ್ಕಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ. ಕಾಲೇಜಿನ ಸಂಚಿಕೆಗೂ ಐದನೆಯ ಇಯತ್ತೆಯ ಹುಡುಗರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಔರಾದ, ಭಾಲ್ಕಿಗಳಿಂದ ಬಸ್ಸಿನಲ್ಲಿ ಬಂದು ಇಲ್ಲಿ ಕಲಿಯುವ ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಅಂಥ ಒಬ್ಬ ತಮ್ಮನೋ ತಂಗಿಯೋ ಅಕ್ಕನ ಮಗನೋ ಇದ್ದಾನೆ. ಅವನ ಕೈಯಲ್ಲಿ ನವೋದಯ ಪರೀಕ್ಷೆಯ ಒಂದು ದಪ್ಪ ಗೈಡು ಇದೆ. ಸಂಬಂಧ ಅಷ್ಟೇ, ಮತ್ತು ಅದು ಸಣ್ಣದಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಜಿಲ್ಲೆಗೊಂದರಂತೆ ತೆರೆಯಲಾದ ನವೋದಯ ವಿದ್ಯಾಲಯಗಳು ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿಯೇ ಹುಟ್ಟಿದವು. ನಮ್ಮ ಜಿಲ್ಲೆಯದು ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿದೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲವೂ ಉಚಿತ. ಒಂಬತ್ತನೆಯ ಇಯತ್ತೆಗೆ ಬಂದಾಗ ಕೆಲವು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ರಾಜ್ಯದ ನವೋದಯಕ್ಕೆ ಕಳಿಸಿ, ಅಲ್ಲಿಯ ಮಕ್ಕಳನ್ನು ಇಲ್ಲಿಗೆ ಕರೆತರುವ ಪದ್ಧತಿಯೂ ಉಂಟು. ನಮ್ಮೂರಿನ ಕೂಲಿಕಾರರೊಬ್ಬರ ಮಗಳು ಹಾಗೆ ಹೋಗಿಬಂದು ಹಿಂದಿಯಲ್ಲಿ ಸರಾಗವಾಗಿ ಮಾತನಾಡಿದ್ದನ್ನು ಕೇಳಿ ಇಡೀ ಓಣಿ ಬೆರಗಾಗಿತ್ತು. ಆದುದರಿಂದ ಈ ಶಾಲೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪರೀಕ್ಷೆಯನ್ನು ಕೂಡ ನಾನು ಹಳಿಯಲಾರೆ. 80 ಪ್ರಶ್ನೆ, 100 ಅಂಕ, ಎರಡು ತಾಸು. ಅರ್ಧದಷ್ಟು ಪ್ರಶ್ನೆಗಳು ಬರಿಯ ಆಕೃತಿಗಳವು. ಉಳಿದುದರಲ್ಲಿ 20 ಲೆಕ್ಕಗಳು, 20 ಭಾಷೆಗೆ ಸಂಬಂಧಿಸಿದವು. ಮಗು ತಾನು ಕಲಿತ ಭಾಷೆಯಲ್ಲಿಯೇ ಬರೆಯಬಹುದು. ಔರಾದ ಸೀಮೆಯ ಮರಾಠಿ ಶಾಲೆಯ ಹುಡುಗನಿಗೂ ಬೀದರ ಕೋಟೆಯ ಬದಿಯ ಉರ್ದು ಶಾಲೆಯ ಹುಡುಗಿಗೂ ಅಲ್ಲಿ ಅನ್ಯಾಯವಿಲ್ಲ. ಕನಿಷ್ಠ ನೂರಕ್ಕೆ 75 ಸ್ಥಾನಗಳು ಹಳ್ಳಿಯ ಮಕ್ಕಳಿಗೆ ಮೀಸಲು. ಇದಕ್ಕಿಂತ ಉದಾರವಾದ ಬಾಗಿಲನ್ನು ಯಾರು ತೆರೆದಾರು?

ಆದರೆ ಬಾಗಿಲ ಅಗಲವನ್ನೂ ನೋಡಬೇಕು. ಒಂದು ವಿದ್ಯಾಲಯದಲ್ಲಿ ಆರನೆಯ ಇಯತ್ತೆಗೆ ಸೇರಿಸಿಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅರ್ಜಿ ಹಾಕುವವರು ಸಾವಿರಗಳ ಲೆಕ್ಕದಲ್ಲಿದ್ದಾರೆ. ಮತ್ತೊಂದು ನಿಯಮವುಂಟು: ಆರನೆಯ ಇಯತ್ತೆಯ ಈ ಪರೀಕ್ಷೆಯನ್ನು ಒಬ್ಬ ವಿದ್ಯಾರ್ಥಿ ಒಂದೇ ಸಲ ಬರೆಯಬಹುದು. ನಮಗೆ ಒಂದು ವಿಷಯ ಉಳಿದರೆ ಮುಂದಿನ ಸೆಮಿಸ್ಟರಿನಲ್ಲಿ ಬರೆಯುತ್ತೇವೆ, ಅದಕ್ಕೂ ಮುಂದಿನದರಲ್ಲಿ ಬರೆಯುತ್ತೇವೆ, ನಾಚಿಕೆಯೂ ಇಲ್ಲದೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತೇವೆ. ಹತ್ತು ವರ್ಷದ ಕೂಸಿಗೆ ಆ ಸೌಕರ್ಯವಿಲ್ಲ.

ಇಷ್ಟು ಪೀಠಿಕೆ ಸಾಕು. ನಾನು ಕಂಡದ್ದನ್ನು ಹೇಳುತ್ತೇನೆ.

ನನ್ನ ಅಕ್ಕನನ್ನು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮಗ ಕಳೆದ ವರ್ಷ ಐದನೆಯ ಇಯತ್ತೆಯಲ್ಲಿದ್ದ. ಚುರುಕು ಹುಡುಗ, ಚುರುಕು ಎನ್ನುವುದಕ್ಕಿಂತ ತಲೆಹರಟೆ ಎಂದರೂ ಸರಿಯೇ. ಮಳೆ ಓರೆಯಾಗಿ ಏಕೆ ಬೀಳುತ್ತದೆ, ಎತ್ತು ಮಲಗಿದಾಗಲೂ ಏನನ್ನು ಅಗಿಯುತ್ತದೆ ಎಂದು ಕೇಳಿ ಕೇಳಿ ಪ್ರಾಣ ತಿನ್ನುತ್ತಿದ್ದ. ಇಂಥವನು ನವೋದಯಕ್ಕೆ ಹೋಗದೆ ಮತ್ತಾರು ಹೋಗಬೇಕೆಂದು ಎಲ್ಲರೂ ಅಂದರು. ಭಾವ ಅವನನ್ನು ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ವಸತಿಸಹಿತ ಬಿಟ್ಟರು. ಸೋಯಾ ಮಾರಿದ ಹಣ ಸಾಲದೆ 20,000 ರೂಪಾಯಿ ಸಾಲವಾಯಿತು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ.

ಹುಡುಗ ದೀಪಾವಳಿಗೆ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಕೂತು ಆಕೃತಿಗಳ ಹಾಳೆಗೆ ಹಾಳೆ ಮುಗಿಸುತ್ತಿದ್ದ. ಸರಳ ಬಡ್ಡಿಯ ಲೆಕ್ಕವನ್ನು ಅರ್ಧ ನಿಮಿಷದಲ್ಲಿ ಮಾಡುತ್ತಿದ್ದ. ನನಗೇ ಹೆಮ್ಮೆಯೆನಿಸಿತು. ರಾತ್ರಿ ಊಟವಾದ ಮೇಲೆ ಭಾವ ಕಟ್ಟೆಯ ಮೇಲೆ ಕುಳಿತು ಮಗನನ್ನು ಕರೆದು, “ಇಪ್ಪತ್ತು ಸಾವಿರಕ್ಕ ಎಂಟು ತಿಂಗಳಿಗಿ ಬಡ್ಡಿ ಎಷ್ಟಾಯ್ತಪಾ, ಜರಾ ಹೇಳು” ಎಂದರು. ಹುಡುಗ ಕ್ಷಣಕಾಲ ಅವರ ಮುಖ ನೋಡಿ ಕೇಳಿದ: “ಅಪ್ಪಾ, ಆಪ್ಶನ್ ಏನೇನ್ ಅವ?”

ನಾವೆಲ್ಲ ನಕ್ಕೆವು. ಅಕ್ಕ ಕೂಡ ನಕ್ಕಳು. ಹುಡುಗ ಮಾತ್ರ ನಗಲಿಲ್ಲ. ಅವನು ನಿಜವಾಗಿಯೂ ಆ ನಾಲ್ಕು ಉತ್ತರಗಳಿಗಾಗಿ ಕಾಯುತ್ತಿದ್ದ. ತನ್ನನ್ನು ಓದಿಸಲು ತಂದ ಸಾಲದ ಬಡ್ಡಿ 3,200 ರೂಪಾಯಿ ಎಂಬುದು ಅವನಿಗೆ ಹೊಳೆಯಲಿಲ್ಲ. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಆ ಮೂರು ದಿನಗಳಲ್ಲಿ ಅವನು ಒಂದು ಸಲವಾದರೂ ‘ಯಾಕ’ ಎಂದು ಕೇಳಿರಲಿಲ್ಲವೆಂಬುದು ಹಾಸಿಗೆಯಲ್ಲಿ ಬಿದ್ದುಕೊಂಡಾಗ ನೆನಪಾಯಿತು.

ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಎಂಟು ದಿನ ಓಣಿಗೆ ಇಳಿಯಲಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ಹೋದಾಗ ಕೇಳಿದ್ದು ಒಂದೇ ಮಾತು: “ಮಾಮಾ, ಇನ್ನೊಂದ್ ಸಲ ಬರೀಲಾಕ್ ಬರಲ್ಲಾ?” ಬರುವುದಿಲ್ಲವೆಂದು ಹೇಳಬೇಕಾದವನು ನಾನೇ.

ಈಗ ನನ್ನ ಸ್ವಂತದ ಮಾತು. ಐದನೆಯ ಇಯತ್ತೆಯಲ್ಲಿ ಈ ಪರೀಕ್ಷೆಯನ್ನು ನಾನೂ ಬರೆದಿದ್ದೆ, ನನಗೂ ಸೀಟು ಸಿಗಲಿಲ್ಲ. ಔರಾದ ತಾಲ್ಲೂಕಿನ ನಮ್ಮ ಊರಿನಲ್ಲಿ ಆಗ ತರಬೇತಿ ಎಂಬ ಮಾತೇ ಇರಲಿಲ್ಲ. ನಮ್ಮ ಗುರುಗಳೊಬ್ಬರು ಶಾಲೆ ಬಿಟ್ಟ ಮೇಲೆ ಒಂದು ತಾಸು ನಾಲ್ಕೈದು ಜನರನ್ನು ಕೂಡಿಸಿಕೊಳ್ಳುತ್ತಿದ್ದರು. ಹಳೆಯ ಕನ್ನಡ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿಸಿ, “ಈಗ ಪುಸ್ತಕ ಮುಚ್ಚು, ಏನು ಓದಿದಿ ಹೇಳು” ಎನ್ನುತ್ತಿದ್ದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮುಳ್ಳಿನಿಂದ ತೂತು ಹಾಕಿ, ಬಿಚ್ಚಿದರೆ ಎಷ್ಟು ತೂತು ಕಾಣುತ್ತವೆಂದು ಪಂತ ಕಟ್ಟಿಸುತ್ತಿದ್ದರು. ಕನ್ನಡಿಯ ಪ್ರಶ್ನೆಗೆ ನಿಜವಾದ ಕನ್ನಡಿಯನ್ನೇ ತರುತ್ತಿದ್ದರು. ಅದು ಅವರು ಗಡ್ಡ ಹೆರೆದುಕೊಳ್ಳುವ ಕನ್ನಡಿ. ಸೀಟು ಹೋಯಿತು. ಆದರೆ ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವ ಆ ಅಭ್ಯಾಸ ನನ್ನೊಡನೆ ಉಳಿದು ಬಿ.ಎ. ಅಂತಿಮ ವರ್ಷದವರೆಗೆ ಬಂದಿದೆ. ನನ್ನ ಸೋದರಳಿಯನೊಡನೆ ಏನು ಉಳಿದಿದೆ? ಅವನ ಬುದ್ಧಿ ನನ್ನದಕ್ಕಿಂತ ಹರಿತ, ಅವನಿಗಾದ ಖರ್ಚು ನನ್ನದರ ನೂರುಪಟ್ಟು. ಆದರೂ ಅವನ ಪಾಲಿಗೆ ಉಳಿದದ್ದು ಒಂದು ಸೋಲು ಮಾತ್ರ.

ಮಗುವನ್ನು ಪರೀಕ್ಷೆಗೆ ಸಿದ್ಧಗೊಳಿಸುವವರು ಸೀಟು ಸಿಗದ ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡು ಸಿದ್ಧಗೊಳಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಏಕೆಂದರೆ ಸಿಗದವರೇ ಹೆಚ್ಚು. ಸಿಕ್ಕ 80 ಮಕ್ಕಳನ್ನು ನಾರಾಯಣಪುರದ ಗುರುಗಳು ನೋಡಿಕೊಳ್ಳುತ್ತಾರೆ.

ನನ್ನ ವಸತಿಗೃಹದ ಮಿತ್ರನೊಬ್ಬ ಈ ಮಾತಿಗೆ ನಕ್ಕು, “ಇದು ಸ್ಪರ್ಧೆಯ ಕಾಲ. ಪತ್ರಿಕೆ ಓದಿಸಿ ಸೀಟು ತರುತ್ತೀಯಾ? ಒಂದೂವರೆ ನಿಮಿಷಕ್ಕೊಂದು ಪ್ರಶ್ನೆ ಬಿಡಿಸಬೇಕು” ಎಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ವೇಗ ಬೇಕು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೋಡಬೇಕು, ಉತ್ತರಪತ್ರಿಕೆಯ ವೃತ್ತವನ್ನು ತುಂಬುವುದನ್ನು ಸಹ ಕಲಿಸಬೇಕು. ಆದರೆ ಅದು ಕೊನೆಯ ಎರಡು ತಿಂಗಳ ಕೆಲಸ. ಇಡೀ ವರ್ಷ ಅದನ್ನೇ ಮಾಡಿಸುವುದು ಬೀಜ ಬಿತ್ತದೆ ರಾಶಿ ಮಾಡುವ ಕಣವನ್ನೇ ಸಾರಿಸುತ್ತ ಕುಳಿತಂತೆ. ಭಾಷೆಯ ಆ 20 ಪ್ರಶ್ನೆಗಳು ಕೊಟ್ಟ ಪರಿಚ್ಛೇದವನ್ನು ಓದಿ ತಿಳಿಯುವುದರ ಮೇಲೆಯೇ ನಿಂತಿವೆ. ಓದಲು ಬಾರದವನಿಗೆ ಯಾವ ಸೂತ್ರ ನೆರವಾದೀತು?

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಕೆಲವರಿಗೆ ಅದು ಕಹಿಯಾಗಬಹುದು. ಹಳ್ಳಿಯ ಮೀಸಲು ಸ್ಥಾನ ಬೇಕಾದರೆ ಮಗು ಮೂರು, ನಾಲ್ಕು, ಐದನೆಯ ಇಯತ್ತೆಗಳನ್ನು ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಹೀಗಾಗಿ ಕೆಲವು ಮಕ್ಕಳ ಹೆಸರು ಹಳ್ಳಿಯ ಹಾಜರಿ ಪುಸ್ತಕದಲ್ಲಿದ್ದು, ಮಕ್ಕಳು ಮಾತ್ರ ಪೇಟೆಯ ಕೋಣೆಗಳಲ್ಲಿರುತ್ತಾರೆ. ನನ್ನ ಅಕ್ಕನ ಮಗನೂ ಕೆಲವು ತಿಂಗಳು ಹಾಗೆಯೇ ಇದ್ದ, ಮುಚ್ಚಿಡುವುದೇಕೆ? ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಅಂದು ಹೊರಗೊಂದು ಒಳಗೊಂದು ಇದ್ದುದು ಊರ ಮಕ್ಕಳಿಗೆಲ್ಲ ಅವರ ಭಾಷೆ ದೊರೆಯಲೆಂದು. ಇಂದಿನ ಹೊರಗೊಂದು ಒಳಗೊಂದು ನೆರೆಮನೆಯ ಬಡ ಹುಡುಗನ ಸ್ಥಾನಕ್ಕೆ ನಮ್ಮ ಹುಡುಗನನ್ನು ಕೂಡಿಸಲೆಂದು. ಕೋಣೆಯ ಬಾಡಿಗೆ ಕೊಡಲಾರದ ಮನೆಯ ಮಗು ಖಾಲಿಯಾದ ಹಳ್ಳಿ ಶಾಲೆಯಲ್ಲಿ ಒಂಟಿಯಾಗಿ ಕುಳಿತಿರುತ್ತದೆ.

ಆ ಮಗುವಿನ ಬಳಿಗೆ ನಾವೇಕೆ ಹೋಗಬಾರದು? ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಪ್ರತಿವರ್ಷ ಏಳು ದಿನ ಒಂದು ಹಳ್ಳಿಗೆ ಹೋಗುತ್ತೇವೆ. ಗುಡಿಯ ಅಂಗಳ ಗುಡಿಸುತ್ತೇವೆ, ಭಾವಚಿತ್ರ ತೆಗೆಸಿಕೊಳ್ಳುತ್ತೇವೆ, ನಾವು ಬಸ್ಸು ಹತ್ತುವ ಮೊದಲೇ ಅಂಗಳ ಮತ್ತೆ ಕಸವಾಗಿರುತ್ತದೆ. (ಗುರುಗಳು ಕ್ಷಮಿಸಬೇಕು.) ಶನಿವಾರ ಶಾಲೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಮೇಲಿನ ಎರಡು ತಾಸು ಐದನೆಯ ಇಯತ್ತೆಯವರೊಡನೆ ಕುಳಿತರೆ ಸಾಕು. ಕನ್ನಡ ಓದಿದವರು ಕನ್ನಡ ಶಾಲೆಗೆ, ಮರಾಠಿ ಬಲ್ಲವರು ಔರಾದ ಕಡೆಗೆ, ಉರ್ದು ಬಲ್ಲ ಮಿತ್ರರು ಬೀದರಿನ ಓಣಿಗಳಿಗೆ. ನಮ್ಮ ಒಂದೇ ತರಗತಿಯಲ್ಲಿ ಮೂರೂ ಭಾಷೆಯವರು ಇದ್ದೇವಲ್ಲ. ಶುಲ್ಕವಿಲ್ಲ, ಗೈಡು ಬೇಡ. ಸಂತೆಯ ಲೆಕ್ಕ, ಸಾಲದ ಲೆಕ್ಕ, ತೊಗರಿ ತೂಕದ ಲೆಕ್ಕ. ಗಟ್ಟಿಯಾಗಿ ಓದುವುದು, ಓದಿದ್ದನ್ನು ಹೇಳುವುದು. ಕಾಗದ, ಮುಳ್ಳು, ಕನ್ನಡಿ. ನವೋದಯಕ್ಕಲ್ಲದೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಆದರ್ಶ ವಿದ್ಯಾಲಯಕ್ಕೂ ವಿಜಯಪುರದ ಸೈನಿಕ ಶಾಲೆಗೂ ಅರ್ಜಿ ಹಾಕಲು ಬರುತ್ತದೆಂದು ತಂದೆತಾಯಿಗಳಿಗೆ ತಿಳಿಸಿ ಹೇಳುವುದು ಸಹ ಒಂದು ಕೆಲಸವೇ. ಎಷ್ಟೋ ಮನೆಗಳಲ್ಲಿ ಅದು ಗೊತ್ತಿಲ್ಲ.

ನಾವು ಮೂವರು ಕಳೆದ ತಿಂಗಳಿಂದ ಅಕ್ಕನ ಊರಿನ ಶಾಲೆಯಲ್ಲಿ ಇದನ್ನು ಆರಂಭಿಸಿದ್ದೇವೆ. ಹದಿನಾಲ್ಕು ಮಕ್ಕಳು ಬರುತ್ತಾರೆ. ನನ್ನ ಸೋದರಳಿಯ ಈಗ ಅಲ್ಲಿಯೇ ಆರನೆಯ ಇಯತ್ತೆ. ಮೊದಲ ಎರಡು ಶನಿವಾರ ಬಾಗಿಲಲ್ಲಿ ನಿಂತು ಹೋದ. ಮೂರನೆಯ ಶನಿವಾರ ಒಳಗೆ ಬಂದು ಕಾಗದ ಮಡಿಚಿ ಕೊಡತೊಡಗಿದ. ಒಬ್ಬ ಹುಡುಗಿ ಕಾಗದವನ್ನು ತಪ್ಪಾಗಿ ಮಡಿಚಿ, ನಾವು ಎಣಿಸಿದ್ದಕ್ಕಿಂತ ಎರಡು ತೂತು ಹೆಚ್ಚು ತೋರಿಸಿದಾಗ, “ಹಿಂಗ್ಯಾಕಾಯ್ತು ಮಾಮಾ?” ಎಂದು ನನ್ನನ್ನು ಕೇಳಿದ. ನನಗೂ ಒಡನೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಕೂತು ಬಿಚ್ಚಿ ನೋಡಿದೆವು.

ಬರುವ ಮನಸ್ಸುಳ್ಳ ಮಿತ್ರರು ಶನಿವಾರ ಕೊನೆಯ ತಾಸು ಮುಗಿದೊಡನೆ ಗ್ರಂಥಾಲಯದ ಮುಂದೆ ಸಿಗಬಹುದು. ಭಾಲ್ಕಿಯ ಬಸ್ಸಿಗೆ ಒಟ್ಟಿಗೆ ಹೋಗೋಣ. ಬರುವಾಗ ಮನೆಯಲ್ಲಿರುವ ಹಳೆಯ ಪತ್ರಿಕೆಗಳನ್ನು ತರಬೇಕೆಂದು ವಿನಂತಿ. ಮರಾಠಿಯವು ನಮ್ಮಲ್ಲಿ ಬಹಳ ಕಡಿಮೆ ಇವೆ.