ಲಕ್ವದ ಕೈಗೆ ಯಂತ್ರದ ಆಸೆ

ಲಕ್ವ ಹೊಡೆದ ಕೈಯನ್ನು ಎತ್ತಿಸುವ, ಬಿದ್ದ ಕಾಲನ್ನು ನಡೆಸುವ ಯಂತ್ರಗಳು ದೊಡ್ಡ ಊರಿನ ಆಸ್ಪತ್ರೆಗಳಿಗೆ ಬಂದಿವೆ. ಮೊಬೈಲಿನಲ್ಲಿ ಅದನ್ನು ನೋಡಿ, ಹೊಲ ಒತ್ತಿ ಇಟ್ಟಾದರೂ ಅಪ್ಪಗ ಅದನ್ನೇ ಮಾಡಸೋಣು ಅನ್ನುವ ಮಕ್ಕಳು ಹಾನಗಲ್ಲ, ಸವಣೂರ ಕಡೆ ಇದ್ದಾರೆ. ಪಾರಿವಾಳದ ರಕ್ತ ತಿಕ್ಕುವುದಕ್ಕಿಂತ ಇದು ಮೇಲು, ಒಪ್ಪೋಣ. ಆದರೆ ಹೊಲ?

ವೈದ್ಯರು ಅಷ್ಟು ಹಿಗ್ಗುವುದಿಲ್ಲ. ಬ್ರಿಟನ್ನಿನಲ್ಲಿ 770 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. 2019ರಲ್ಲಿ ಹೊರಬಿದ್ದ ಫಲ ಇಷ್ಟೇ: ರೋಬೋ ಹಚ್ಚಿ ಕಸರತ್ತು ಮಾಡಿದವರ ಕೈ, ಎಂದಿನ ಚಿಕಿತ್ಸೆ ಪಡೆದವರ ಕೈಗಿಂತ ಹೆಚ್ಚು ಕೆಲಸಕ್ಕೆ ಬರಲಿಲ್ಲ. ಚೇತರಿಕೆ ಹೆಚ್ಚಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ, ಬಿಡದೆ ಮಾಡಿಸುವ ಕಸರತ್ತಿನಿಂದ.

ಆ ಮೂರು ತಿಂಗಳೇ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋಗುತ್ತವೆ. ಹಿರೇಕೆರೂರಿನಿಂದ ಹುಬ್ಬಳ್ಳಿ ನೂರು ಕಿ.ಮೀ. ಮೇಲೆ. ಶಿಗ್ಗಾವಿಗೆ ಹತ್ತಿರ ಖರೆ, ಬಸ್ಸಿನ ಮೆಟ್ಟಿಲು ಮಾತ್ರ ಅಷ್ಟೇ ಎತ್ತರ. 2023ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ. ಜೋಡಿ ಬರುವ ಹೆಂಡತಿ ಪುಕ್ಕಟೆ, ಪಾಸ್ ಇಲ್ಲದ ಲಕ್ವದ ಗಂಡನಿಗೆ ದುಡ್ಡು! ಎರಡು ಸಲ ಹೋದವರು ಮೂರನೆಯ ಸಲ ಸಾಕಪ್ಪಾ ಅಂದರೆ ಆಶ್ಚರ್ಯವೇನು?

ಊರಿಗೆ ಯಂತ್ರ ತರಿಸುತ್ತೇವೆ ಎನ್ನುವ ಮುಖಂಡರು, ತಾಲೂಕಾ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಯವರು ವಾರಕ್ಕೆ ಎಷ್ಟು ದಿನ ಸಿಗುತ್ತಾರೆಂದು ಮೊದಲು ಕೇಳಿ ಬರಲಿ.